ಒಗೆಯಬಾರದ ಬಿಳಿ ಗೌನು

ಅಂಗೈಯಗಲದ ದೇಶ ಅದು. ವರ್ಷಕ್ಕೆ ಎಂಟೋ ಹತ್ತೋ ಸಿನಿಮಾ, ಅದರಲ್ಲಿ ಒಂದೆರಡು ದೆವ್ವದ್ದು. ಆದರೆ ದೆವ್ವದ ಸಿನಿಮಾ ಅಂದರೆ ಆ ಜನಕ್ಕೆ ಪ್ರಾಣ. ಬಾವಿಯಿಂದ ಮದುಮಗಳು ಎದ್ದು ಬರುವುದು, ಸತ್ತುಹೋದ ಮೇಷ್ಟ್ರು ಹಾಜರಿ ಕೂಗುವುದು, ಲಿಫ್ಟಿಗೆ ಒಬ್ಬಳು ಹತ್ತಿ ಇಬ್ಬರಾಗಿ ಇಳಿಯುವುದು, ಎಲ್ಲ ಮನೆಮಂದಿಗೂ ಬಾಯಿಪಾಠ. ಆ ಮೂರೂ ಸಿನಿಮಾದ ರಕ್ತ ಒಬ್ಬಳೇ ಹೆಂಗಸಿನ ಕೈಯಿಂದ ಬಂದದ್ದು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅವಳು ಸ್ಟುಡಿಯೋದಲ್ಲಿ ಬಟ್ಟೆ ನೋಡಿಕೊಳ್ಳುವವಳು. ಹದಿನೆಂಟು ವರ್ಷದಿಂದ ಒಗೆಯುವುದು, ಇಸ್ತ್ರಿ ಮಾಡುವುದು, ಗುಂಡಿ ಹಾಕುವುದು. ದೆವ್ವದ ಸಿನಿಮಾ ಬಂದಾಗ ಮಾತ್ರ ಎಲ್ಲ ತಲೆಕೆಳಗು, ಒಗೆಯದೆ ಇರುವುದೇ ಕೆಲಸ. ಕಥೆ ಒಂದು ರಾತ್ರಿಯದು, ಶೂಟಿಂಗ್ ಇಪ್ಪತ್ತೆರಡು ದಿನದ್ದು. ಮೊದಲ ದಿನ ತೋಳಿಗೆ ಬಿದ್ದ ರಕ್ತ ಕೊನೆಯ ದಿನವೂ ಅಲ್ಲೇ, ಅಷ್ಟೇ ಇರಬೇಕು. ಸಕ್ಕರೆ ಪಾಕಕ್ಕೆ ಬಣ್ಣ ಕಲಸಿ ಆ ರಕ್ತ ಮಾಡುವವಳೂ ಅವಳೇ. ಇರುವೆ ಮುತ್ತಬಾರದೆಂದು ಆ ಬಟ್ಟೆಯನ್ನು ಹಗ್ಗಕ್ಕೆ ತೂಗುಹಾಕಿ, ಹಗ್ಗದ ಎರಡೂ ತುದಿಗೆ ಸೀಮೆಎಣ್ಣೆ ಸವರುತ್ತಿದ್ದಳು. ಕೂಸನ್ನು ನೋಡಿಕೊಂಡ ಹಾಗೆ ಕಲೆಗಳನ್ನು ನೋಡಿಕೊಂಡವಳು ಅವಳು.

ಒಂದು ಸಲ ಬಿಳಿ ಗೌನಿನ ದೆವ್ವದ ಸಿನಿಮಾಕ್ಕೆ ಇಪ್ಪತ್ತೊಂದು ದಿನ ಮುಗಿದಿತ್ತು, ಒಂದು ದಿನ ಬಾಕಿ. ನಡುವೆ ಒಂದು ದಿನದ ರಜೆ. ಬಟ್ಟೆ ಕೋಣೆಗೆ ಸುಣ್ಣ ಹೊಡೆಯುತ್ತಾರೆಂದು ಗೌನನ್ನು ಮನೆಗೇ ತಂದು ಬಚ್ಚಲಮನೆಯ ಬಾಗಿಲ ಹಿಂದೆ ನೇತುಹಾಕಿದಳು. ಬೆಳಿಗ್ಗೆ ದಾರ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಗೌನು ಅಂಗಳದ ತಂತಿಯ ಮೇಲಿತ್ತು, ಕೊಕ್ಕರೆಯ ಹಾಗೆ ಬೆಳ್ಳಗೆ.

ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ಅತ್ತೆ ಸೊಂಟ ಹಿಡಿದುಕೊಂಡು ನಿಂತಿದ್ದರು.

"ಬಂದ್ಯಾ? ಊರಿನವರ ಬಟ್ಟೆಯೆಲ್ಲ ಒಗೀತೀಯ, ಮನೇಲಿರೋ ಬಟ್ಟೆ ಒಗೆಯೋಕೆ ನಿಂಗೆ ಪುರುಸೊತ್ತಿಲ್ಲ. ತಣ್ಣೀರಲ್ಲಿ ನೆನೆಸಿ, ಉಪ್ಪು ಹಾಕಿ ಉಜ್ಜಿ, ಎರಡು ಸಲ ಸೋಪು ಹಚ್ಚಿದೆ."

ಸೊಸೆ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅತ್ತೆ, ಅದು ದೆವ್ವದ ಬಟ್ಟೆ."

"ದೆವ್ವ ಆದರೇನು, ಕೊಳಕು ಹಾಕ್ಕೊಂಡು ತಿರುಗಬೇಕಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ನಾಳೆ ಕೊನೆಯ ದೃಶ್ಯ. ನಟಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ಉದ್ದನೆಯ ಮೊಗಸಾಲೆಯಲ್ಲಿ ನಡೆದು ಹೋಗಬೇಕು. ಅದೇ ಬೆನ್ನು ನಾಲ್ಕನೇ ದಿನದ ಶೂಟಿಂಗಿನಲ್ಲಿ ಕನ್ನಡಿಯೊಳಗೆ ದೊಡ್ಡದಾಗಿ ಕಂಡಿತ್ತು. ಗೌನಿನ ಮುಂಭಾಗದ ಕಲೆಗಳಿಗೆ ಅವಳ ಬಳಿ ಫೋಟೋಗಳಿದ್ದವು, ಬೆನ್ನಿನದು ತೆಗೆಯುವಾಗ ರೀಲು ಮುಗಿದಿತ್ತು. ನಿರ್ದೇಶಕರು ಎಂಥವರೆಂದರೆ ಕೈಗಡಿಯಾರ ಎಡಗೈಯಿಂದ ಬಲಗೈಗೆ ಬಂದದ್ದಕ್ಕೆ ಒಬ್ಬನನ್ನು ಕೆಲಸದಿಂದಲೇ ಕಳಿಸಿದ್ದರು. ಅವಳು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ಬೆನ್ನ ಮೇಲೆ ದೊಡ್ಡದೊಂದು ಕಲೆ ಇತ್ತು ಅನ್ನುವುದು ಬಿಟ್ಟರೆ ಗಾಬರಿಯಲ್ಲಿ ಇನ್ನೇನೂ ಕಣ್ಣಿಗೆ ಬರಲೊಲ್ಲದು.

ಎಲ್ಲ ಕೇಳಿಸಿಕೊಂಡ ಅತ್ತೆ ಎದ್ದು ಹೋಗಿ ತಂತಿಯಿಂದ ಗೌನು ತಂದು ಇಸ್ತ್ರಿ ಮೇಜಿನ ಮೇಲೆ ಬೆನ್ನು ಮೇಲಾಗಿ ಹಾಸಿದರು.

"ಬೆನ್ನು ತಾನೆ? ಒಂದು ಗಂಟೆ ಆ ಕಲೆ ನನ್ನ ಸತಾಯಿಸಿತ್ತು, ಮರೀತೀನಾ? ಸೀಮೆಸುಣ್ಣ ತಗೋ."

ಹೆಬ್ಬೆರಳನ್ನು ಬಟ್ಟೆಯ ಮೇಲೆ ಓಡಿಸುತ್ತಾ ಹೇಳತೊಡಗಿದರು. "ಇಲ್ಲಿ ಅಂಗೈಯಷ್ಟು. ಇದು ಬೇಗ ಬಿಡ್ತು. ಇದರ ಕೆಳಗೆ ಬಾಲ, ಮೂರು ಬೆರಳುದ್ದ, ಸೊಂಟದ ಹೊಲಿಗೆ ದಾಟಿಲ್ಲ. ಬಲಭುಜದ ಹತ್ತಿರ ಹನಿಗಳು. ಒಂದು, ಎರಡು, ಮೂರು, ನಾಲ್ಕು... ಐದು. ಈ ಐದನೇದು ಹಠಮಾರಿ, ನಿನ್ನ ಮಾವನ ಹಾಗೆ. ಎಷ್ಟು ತಿಕ್ಕಿದರೂ ಜಪ್ಪಯ್ಯ ಅನ್ನಲಿಲ್ಲ."

ಅತ್ತೆ ತೋರಿಸಿದಲ್ಲಿ ಸೊಸೆ ಗೆರೆ ಎಳೆದಳು. ಗೆರೆ ಮೂಡುತ್ತಿದ್ದಂತೆ ಅವಳಿಗೂ ಒಂದೊಂದಾಗಿ ನೆನಪು ಬಂತು. ಪಾಕ ಕಾಯಿಸಿ, ಬಣ್ಣ ಕಲಸಿ, ಹಳೆಯದಾಗಿ ಕಾಣಲೆಂದು ಕಾಫಿ ಡಿಕಾಕ್ಷನ್ ಬೆರೆಸಿದಳು.

"ತೀರಾ ಕೆಂಪಾಯ್ತು. ಮಂಡಿ ತರಚಿಕೊಂಡು ಬಂದ ಮೂರು ಗಂಡುಮಕ್ಕಳ ಚಡ್ಡಿ ಒಗೆದಿದ್ದೀನಿ, ನಂಗೆ ಗೊತ್ತಿಲ್ವಾ? ಒಣಗಿದ ರಕ್ತ ಹುಣಸೆಹಣ್ಣಿನ ಬಣ್ಣ ಇರುತ್ತೆ."

ದೀಪ ಹಚ್ಚುವ ಹೊತ್ತಿಗೆ ಇಬ್ಬರ ಉಗುರೂ ಕೆಂಪಾಗಿತ್ತು, ಗೌನು ಮತ್ತೆ ಕೊಳಕಾಗಿತ್ತು.

ಮಾರನೆಯ ದಿನ ನಿರ್ದೇಶಕರು ನಟಿಯ ಸುತ್ತ ಎರಡು ಸುತ್ತು ಹಾಕಿದರು. ಬೆನ್ನಿನ ಹತ್ತಿರ ನಿಂತೇ ನಿಂತರು. "ಅಕ್ಕ, ಇವತ್ತು ಗೌನು ಸೋಪಿನ ವಾಸನೆ ಬರ್ತಿದೆ" ಎಂದಳು ನಟಿ ಬಟ್ಟೆಯವಳಿಗೆ, ಮೂಗರಳಿಸಿ. ನಿರ್ದೇಶಕರು ಒಮ್ಮೆ ಇವಳ ಕೆಂಪು ಉಗುರು ನೋಡಿದರು, ಒಮ್ಮೆ ಬೆನ್ನು ನೋಡಿದರು. "ವಾಸನೆ ಪರದೆ ಮೇಲೆ ಕಾಣಲ್ಲ. ನಡಿ" ಎಂದಷ್ಟೇ ಹೇಳಿ ಕುರ್ಚಿಗೆ ಹೋಗಿ ಕೂತರು.

ಆ ದೇಶದ ದೆವ್ವದ ಸಿನಿಮಾಗಳಲ್ಲೆಲ್ಲ ಅದೇ ಮೇಲು ಅಂತ ಈಗಲೂ ಜನ ಹೇಳುತ್ತಾರೆ. ಸಿನಿಮಾ ಬಿಡುಗಡೆಯಾದ ದಿನ ಕೊನೆಯ ದೃಶ್ಯದಲ್ಲಿ ಟಾಕೀಸಿಗೆ ಟಾಕೀಸೇ ಉಸಿರು ಬಿಗಿಹಿಡಿದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಸೊಸೆಯ ಪಕ್ಕ ಕೂತಿದ್ದ ಅತ್ತೆ ಮಾತ್ರ ಮುಂದಕ್ಕೆ ಬಾಗಿ, ಪರದೆಯಲ್ಲಿ ನಟಿಯ ಬಲಭುಜಕ್ಕೆ ಕಣ್ಣು ನೆಟ್ಟು ಮೆಲ್ಲಗೆ ಎಣಿಸುತ್ತಿದ್ದರು. "ಐದು" ಅಂದು ಸಮಾಧಾನವಾಗಿ ಒರಗಿದರು.

"ಮುಗೀತಲ್ಲ. ಈಗಲಾದ್ರೂ ಅದನ್ನ ಒಗೆದ್ಯಾ?"

"ಇಲ್ಲ ಅತ್ತೆ. ಸ್ಟುಡಿಯೋದವರು ಗಾಜಿನ ಬೀರುವಿನಲ್ಲಿ ಇಟ್ಟಿದ್ದಾರೆ."

"ಬೀರುವಿನ ಕಾಲಿಗೆ ಸೀಮೆಎಣ್ಣೆ ಸವರಿದ್ಯಾ?"

"ಸವರಿದ್ದೀನಿ."