ಕರೆದುಕೊಂಡು ಬರಲು ಯಾರು ಹೋಗುತ್ತಾರೆ?

ಕಳೆದ ವರ್ಷ ದೀಪಾವಳಿ ಮುಗಿದು, ಸಂಜೆ ಬೇಗ ಕತ್ತಲಾಗುವ ದಿನಗಳು ಶುರುವಾಗಿದ್ದವು. ನಾನು ಯಶವಂತಪುರದ ಈರುಳ್ಳಿ ಮಂಡಿಯೊಂದರಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ದಿನಾ ಸಂಜೆ ಏಳು ಗಂಟೆಯ ಟ್ರೇನಿಗೆ ಚಿಕ್ಕಬಾಣಾವರದಲ್ಲಿ ಇಳಿದು ಲೇಔಟಿನ ಮನೆಗೆ ನಡೆಯುತ್ತೇನೆ. ಆ ದಾರಿಯ ಒಂದು ಕಡೆ ಉದ್ದದ ಕಾಂಪೌಂಡ್, ಇನ್ನೊಂದು ಕಡೆ ಗಿಡಗಂಟಿ ಬೆಳೆದ ಖಾಲಿ ಸೈಟುಗಳು. ಲೈಟು ಕಂಬ ನೆಟ್ಟಿದ್ದರು, ಲೈಟು ಮಾತ್ರ ಹಾಕಿರಲಿಲ್ಲ.

ನಮ್ಮ ಯಜಮಾನರು ಹಸಿರು ಮಫ್ಲರ್ ಸುತ್ತಿಕೊಂಡು, ಟಾರ್ಚ್ ಹಿಡಿದು ಸ್ಟೇಷನ್ನಿಗೆ ಬರುತ್ತಾರೆ. ಅವರದು ಮಾತು ಕಮ್ಮಿ. ಆ ಕೊರತೆಯನ್ನು ನಾನು ತುಂಬಿಸುತ್ತೇನೆ. ಮಂಡಿಯಲ್ಲಿ ಲಾರಿ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು ನನ್ನದು. "ಮೆತ್ತಗೆ ಮಾತಾಡೇ, ಊರಿಗೆಲ್ಲ ಕೇಳುತ್ತೆ" ಎನ್ನುವುದು ದಾರಿಯುದ್ದಕ್ಕೂ ಅವರು ಆಡುವ ಒಂದೇ ಮಾತು.

ನಾನು ಲೇಔಟಿನ ಸಂಘದಲ್ಲೂ ಇದ್ದೇನೆ. ಲೈಟಿನ ವಿಷಯಕ್ಕೆ ಪುರಸಭೆಯ ಎಂಜಿನಿಯರ್ ಹತ್ತಿರ ಹೋದಾಗ ಅವರು, "ಮೇಡಂ, ಲೈಟ್ ಬೇಕು ಅಂತ ಎಲ್ಲಾ ಏರಿಯಾದವ್ರೂ ಬರ್ತಾರೆ. ಮುಂದಿನ ವಾರ ಲಿಸ್ಟ್ ಫೈನಲ್ ಆಗುತ್ತೆ. ನಿಜವಾಗ್ಲೂ ಎಷ್ಟು ಜನಕ್ಕೆ ಕಷ್ಟ ಆಗ್ತಿದೆ ಅಂತ ಒಂದು ಸರ್ವೆ ಮಾಡಿ ಕೊಡಿ, ನೋಡೋಣ" ಎಂದರು.

"ಕೊಡ್ತೀನಿ ಸರ್, ಅದರಲ್ಲೇನಿದೆ" ಎಂದೆ. ಸರ್ವೆ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಬಿಲ್ ಹಾಕುವುದೂ ಒಂದು ಕಾಲಕ್ಕೆ ಗೊತ್ತಿರಲಿಲ್ಲವಲ್ಲ! ಮಂಡಿಯಲ್ಲಿ ಊಟದ ಬಿಡುವಿನಲ್ಲಿ ವಿಡಿಯೊ ಹಾಕಿಕೊಂಡು, ಒಂದು ಕೈಯಲ್ಲಿ ಚಿತ್ರಾನ್ನ ತಿನ್ನುತ್ತಾ ಕಲಿತುಬಿಟ್ಟೆ. ಆನ್‌ಲೈನ್ ಸರ್ವೆ ಅಂದರೆ ಪ್ರಶ್ನೆ ಟೈಪ್ ಮಾಡುವುದು, ಕೆಳಗೆ ಉತ್ತರಗಳನ್ನು ಕೊಡುವುದು, ಲಿಂಕ್ ಕಳಿಸುವುದು, ಅಷ್ಟೇ. ಜನ ಮನಸ್ಸು ಬಿಚ್ಚಿ ಹೇಳಲಿ ಎಂದು ಹೆಸರು, ಫೋನ್ ನಂಬರ್ ಯಾವುದನ್ನೂ ಕೇಳಲಿಲ್ಲ. "ಸ್ಟೇಷನ್ ದಾರಿಯಲ್ಲಿ ಸಂಜೆ ನಡೆಯಲು ನಿಮಗೆ ತೊಂದರೆ ಇದೆಯೇ?" ಎಂದು ಕೇಳಿ, "ತುಂಬಾ ಇದೆ", "ಸ್ವಲ್ಪ ಇದೆ", "ಇಲ್ಲ" ಎಂದು ಮೂರು ಉತ್ತರ ಇಟ್ಟೆ. ಮೇಲೆ ಒಂದು ದೀಪದ ಚಿತ್ರವನ್ನೂ ಅಂಟಿಸಿ ಲೇಔಟಿನ ಗ್ರೂಪಿಗೆ ಕಳಿಸಿದೆ.

ನಮ್ಮ ಜನ ಒಳ್ಳೆಯವರು. ಮದುವೆಗೆ ಬಂದು ಮುಖ ತೋರಿಸಿ ಹೋಗುವ ಹಾಗೆ ಒಬ್ಬೊಬ್ಬರೂ ಫೋನ್ ಮಾಡಿ "ನಿಮ್ಮ ಸರ್ವೆ ತುಂಬಿದೀವಿ ಕಣ್ರೀ" ಎಂದು ಹೇಳಿದರು. ಕೆಲವರು "ನೀವೇನು ಹಾಕಿದ್ರಿ? ನಾವೂ ಅದೇ ಹಾಕ್ತೀವಿ" ಎಂದರು. ನಾನು ಬೀಗುತ್ತಾ ಶನಿವಾರ ಸಂಜೆ ಫಲಿತಾಂಶ ತೆರೆದು ನೋಡಿದೆ. ಚಪಾತಿಯಂಥ ದುಂಡನೆಯ ಚಿತ್ರ ಬಂತು. ಒಂದು ಸಣ್ಣ ಚೂರು ಬಿಟ್ಟರೆ ಮಿಕ್ಕಿದ್ದೆಲ್ಲ "ಇಲ್ಲ"!

ನನಗೆ ಮೈಯೆಲ್ಲಾ ಉರಿಯಿತು. ಇದನ್ನು ಎಂಜಿನಿಯರ್ ಕೈಗೆ ಕೊಟ್ಟರೆ ಕಂಬಗಳನ್ನೂ ಕಿತ್ತುಕೊಂಡು ಹೋಗುತ್ತಾರೆ ಅನ್ನಿಸಿತು. ಸೀದಾ ಪಕ್ಕದ ಮನೆ ಗಿರಿಜಮ್ಮನವರ ಹತ್ತಿರ ಹೋದೆ.

"ನೀವೇನು ಹಾಕಿದ್ರಿ ಗಿರಿಜಮ್ಮ?"

"ತೊಂದ್ರೆ ಏನೂ ಇಲ್ಲ ಅಂತ್ಲೇ ಹಾಕಿದೀನಮ್ಮ. ನೀನು ಸಂಘದಲ್ಲಿದೀಯ, ಇಷ್ಟೊಂದು ಓಡಾಡ್ತೀಯ. ತೊಂದ್ರೆ ಇದೆ ಅಂತ ಹಾಕಿದ್ರೆ ನಿನ್ನನ್ನೇ ಬೈದ ಹಾಗಾಗಲ್ವ?"

ನಾನು ಬಾಯಿ ಬಿಡುವಷ್ಟರಲ್ಲಿ ಅವರೇ ಗಡಿಯಾರ ನೋಡಿ ಒಳಗೆ ಕೂಗಿದರು. "ರೀ, ಏಳಿ, ಎಂಟು ಗಂಟೆ ಟ್ರೇನ್ ಬರೋ ಹೊತ್ತಾಯ್ತು! ಸೊಸೆ ಒಬ್ಬಳೇ ಬರಬೇಕಾಗುತ್ತೆ, ಕೋಲು ತಗೊಂಡು ಹೋಗಿ!"

ಅವರ ಯಜಮಾನರು ಮೊಣಕಾಲು ನೋವಿನಲ್ಲಿ ಕುಂಟುತ್ತಾ, ಕೋಲು ಹಿಡಿದು ಹೊರಟರು. ನನಗೆ ಅಲ್ಲೇ ಹೊಳೆಯಿತು. ತೊಂದರೆ ಇದೆಯಾ ಎಂದು ಕೇಳಿದರೆ ನಮ್ಮವರು ಯಾರು ತಾನೇ ಇದೆ ಎನ್ನುತ್ತಾರೆ? ದಿನಾ ಏನು ಮಾಡುತ್ತೀರಿ ಎಂದು ಕೇಳಬೇಕು.

ಮನೆಗೆ ಬಂದವಳೇ ಹಳೆಯ ಪ್ರಶ್ನೆಯನ್ನು ಅಳಿಸಿ ಹಾಕಿದೆ. ಅದರ ಜಾಗದಲ್ಲಿ ಬೇರೆ ಪ್ರಶ್ನೆ ಇಟ್ಟೆ. "ಸಂಜೆ ಟ್ರೇನಿಗೆ ಬರುವವರನ್ನು ಕರೆದುಕೊಂಡು ಬರಲು ನಿಮ್ಮ ಮನೆಯಿಂದ ಯಾರು ಹೋಗುತ್ತಾರೆ?" ಟಿಕ್ ಹಾಕುವ ಉತ್ತರ ಬೇಡ, ಅವರವರ ಮಾತಿನಲ್ಲೇ ಬರೆಯಲಿ ಎಂದು ಖಾಲಿ ಜಾಗ ಬಿಟ್ಟು, ಮತ್ತೆ ಗ್ರೂಪಿಗೆ ಕಳಿಸಿದೆ.

ಭಾನುವಾರ ಬೆಳಿಗ್ಗೆಯಿಂದ ಉತ್ತರಗಳು ಬರತೊಡಗಿದವು. "ಅಪ್ಪ, ಸ್ಕೂಟರಲ್ಲಿ. ಪಕ್ಕದ್ಮನೆ ಹುಡುಗೀನೂ ಹತ್ತಿಸ್ಕೊಂಡು ಬರ್ತಾರೆ." "ಮಾವ, ಕೋಲು ಹಿಡ್ಕೊಂಡು." "ನಾನು ಗಂಡಸು, ಆದ್ರೂ ನಾಯಿಗಳಿವೆ ಅಂತ ಅಮ್ಮ ಬರ್ತಾರೆ. ಯಾರಿಗೂ ಹೇಳ್ಬೇಡಿ." "ಯಾರೂ ಹೋಗಲ್ಲ. ಮನೆ ಬಾಗಿಲು ಬರೋವರೆಗೂ ಅಕ್ಕ ಫೋನಲ್ಲಿ ಮಾತಾಡ್ತಾ ಇರ್ತಾಳೆ." ನಾನು ಒಂದೊಂದನ್ನೂ ಜೋರಾಗಿ ಓದಿ ಯಜಮಾನರಿಗೆ ಹೇಳುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಸಂಜೆ ಹೊತ್ತಿಗೆ ಒಂದು ಉದ್ದನೆಯ ಉತ್ತರ ಬಂತು.

"ನನ್ನ ಕರ್ಕೊಂಡು ಬರೋಕೆ ಯಾರೂ ಇಲ್ಲ. ಏಳು ಗಂಟೆ ಟ್ರೇನಲ್ಲಿ ಒಬ್ರು ಆಂಟಿ ಇಳೀತಾರೆ. ಅವರ ಯಜಮಾನ್ರು ಹಸಿರು ಮಫ್ಲರ್ ಹಾಕ್ಕೊಂಡು ಟಾರ್ಚ್ ತಗೊಂಡು ಬರ್ತಾರೆ. ಆಂಟಿ ದಾರೀಲೆಲ್ಲಾ ಜೋರಾಗಿ ಮಾತಾಡ್ತಾರೆ. ಸ್ವಲ್ಪ ದೂರದಲ್ಲಿ ಆ ದನಿ ಹಿಂದೇನೇ ನಾನು ನಡೀತೀನಿ. ಅವರಿಗೆ ಗೊತ್ತಿಲ್ಲ. ಅವರು ಬರದೇ ಇರೋ ದಿನ ಸ್ಟೇಷನ್ನಲ್ಲೇ ಕೂತ್ಕೊಂಡು ಯಾರಾದ್ರೂ ಹೆಂಗಸರು ಈ ಕಡೆ ಹೋಗ್ತಾರಾ ಅಂತ ಕಾಯ್ತೀನಿ."

ಫೋನನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಓದಿದರು, ಗೂಟದಲ್ಲಿದ್ದ ಮಫ್ಲರನ್ನೊಮ್ಮೆ ನೋಡಿದರು, ಮತ್ತೆ ಓದಿದರು. ದೀಪಾವಳಿಗೆ ನಾನು ಹಾಕಿದ್ದ ರಜೆಗಳು ನೆನಪಾದವು. ಆ ಸಂಜೆಗಳಲ್ಲಿ ನಾನು ಮನೆಯಲ್ಲಿ ಕಜ್ಜಾಯ ಕರಿಯುತ್ತಿದ್ದೆ.

ಸೋಮವಾರ ಉತ್ತರಗಳನ್ನೆಲ್ಲ ಪ್ರಿಂಟ್ ತೆಗೆದು ಎಂಜಿನಿಯರ್ ಮುಂದಿಟ್ಟೆ. ಅವರು ಓದುತ್ತಾ ಹೋದಂತೆ ಮುಖ ಗಂಭೀರವಾಯಿತು. ಉದ್ದನೆಯ ಉತ್ತರಕ್ಕೆ ಬಂದಾಗ ಕನ್ನಡಕ ತೆಗೆದು, "ಈ ಹುಡುಗಿ ಯಾರು ಮೇಡಂ?" ಎಂದರು.

"ಗೊತ್ತಿಲ್ಲ ಸರ್. ಹೆಸರು ಕೇಳಿಲ್ಲ, ಕೇಳೋದೂ ಇಲ್ಲ. ನೀವು ಲೈಟ್ ಹಾಕ್ಸಿ" ಎಂದೆ.

ಅವರು ನನ್ನೆದುರೇ ನಮ್ಮ ದಾರಿಯನ್ನು ಪಟ್ಟಿಗೆ ಸೇರಿಸಿದರು. ಸಂಕ್ರಾಂತಿ ಹೊತ್ತಿಗೆ ಕಂಬಗಳಿಗೆ ಲೈಟು ಬಂತು.

ಲೈಟು ಬರುವವರೆಗೆ ಕಾಯಲು ನನ್ನಿಂದಾಗಲಿಲ್ಲ. ಆ ಸೋಮವಾರ ಸಂಜೆಯೇ ಟ್ರೇನಿಂದ ಇಳಿದವಳು ಸ್ಟೇಷನ್ ಹೊರಗೆ ನಿಂತು, ಮಂಡಿಯ ದನಿ ತೆಗೆದು ಕೂಗಿದೆ. "ಲೇಔಟ್ ಕಡೆ ಹೋಗೋರು ಬನ್ರಮ್ಮಾ, ಎಲ್ಲಾ ಒಟ್ಟಿಗೆ ಹೋಗೋಣ!" ಕೆಲವರು ನಕ್ಕರು, ಕೆಲವರು ತಲೆ ತಗ್ಗಿಸಿಕೊಂಡೇ ಹತ್ತಿರ ಬಂದರು. ಆ ಗುಂಪಿನಲ್ಲಿ ಅವಳಿದ್ದಳೋ ಇಲ್ಲವೋ ತಿಳಿಯದು. ಯಾರ ಮುಖವನ್ನೂ ನಾನು ದಿಟ್ಟಿಸಿ ನೋಡಲಿಲ್ಲ. ನನ್ನ ಬಾಯಿಯಿಂದ ಒಬ್ಬಳು ಕ್ಷೇಮವಾಗಿ ಮನೆ ಸೇರುತ್ತಿದ್ದಳು ಎಂಬುದನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ, ಕಣ್ಣೂ ತುಂಬುತ್ತದೆ.

ಈಗ ದಾರಿಯಲ್ಲಿ ಬೆಳಕಿದೆ. ಆದರೂ ನಮ್ಮವರು ಟಾರ್ಚ್ ಬಿಟ್ಟಿಲ್ಲ. ಕಳೆದ ವಾರ ನನಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಅಂದು ಟ್ರೇನ್ ತಡವಾಗಿ, ಗುಂಪೂ ಚದುರಿತ್ತು. ಇಬ್ಬರೇ ಸುಮ್ಮನೆ ನಡೆಯುತ್ತಿದ್ದೆವು. ಸ್ವಲ್ಪ ದೂರ ಹೋದ ಮೇಲೆ ಯಜಮಾನರು ಒಮ್ಮೆ ಕೆಮ್ಮಿ, ದಾರಿಗೆಲ್ಲ ಕೇಳುವ ಹಾಗೆ ಶುರು ಮಾಡಿದರು. "ಇವತ್ತು ಮಧ್ಯಾಹ್ನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಕಣೇ! ಆಮೇಲೆ ಮೇಲಿನ ಟ್ಯಾಂಕ್ ತುಂಬಿ ಹರೀತು! ಆಮೇಲೆ..."

ಮನೆ ಬರುವವರೆಗೂ ಅವರು ನಿಲ್ಲಿಸಲಿಲ್ಲ.