ಕಲ್ಮೇಶ್ವರನ ಮುಂದೆ ಬಿದ್ದ ನನ್ನನ್ನು ಯಾರೂ ಎತ್ತಲಿಲ್ಲ

೧೯೭೨ರ ದೀಪಾವಳಿ ಮುಗಿದ ವಾರ ನನ್ನ ಸೊಂಟ ಹಿಡಿಯಿತು. ಹಬ್ಬದ ಬಟ್ಟೆಗಳನ್ನೆಲ್ಲ ಹೊಲಿದು ಕೊಟ್ಟು, ನೆಲಕ್ಕೆ ಬಿದ್ದ ಕತ್ತರಿ ಎತ್ತಿಕೊಳ್ಳಲು ಬಗ್ಗಿದೆ, ಅಷ್ಟೇ. ಎಡಕ್ಕೆ ವಾಲಿದ ಮೈ ಮತ್ತೆ ನೆಟ್ಟಗಾಗಲಿಲ್ಲ. ಗುಡಗೇರಿಯ ಪೇಟೆಯಲ್ಲಿ ನಮ್ಮ ತಂದೆಯವರ ಕಾಲದಿಂದ ನಡೆದುಬಂದ ಹೊಲಿಗೆ ಅಂಗಡಿ ನನ್ನದು. ಆಗ ನನಗೆ ನಲವತ್ತೊಂದು ವರ್ಷ. ಎಂಟು ದಿನದಲ್ಲಿ ಹೋದೀತು ಅಂದುಕೊಂಡಿದ್ದ ನೋವು ಎರಡು ವರ್ಷ ನನ್ನ ಜೊತೆಗೇ ಉಂಡಿತು, ನನ್ನ ಜೊತೆಗೇ ಮಲಗಿತು. ಸೊಂಟದಲ್ಲಿ ಹುಟ್ಟಿ, ಬಲಗಾಲಿನ ಹಿಂಬದಿಯಲ್ಲಿ ಇಳಿದು, ಹಿಮ್ಮಡಿಯವರೆಗೂ ಕಾದ ಸೂಜಿ ಎಳೆದಂತೆ ಆಗುತ್ತಿತ್ತು.

ಹೊಲಿಯುವವನಿಗೆ ಬಲಗಾಲೇ ಅನ್ನ. ಪೆಡಲ್ ತುಳಿಯದಿದ್ದರೆ ಮಿಷನ್ ತಿರುಗುವುದಿಲ್ಲ. ಕೂತು ಹತ್ತು ನಿಮಿಷವಾಗುವುದರೊಳಗೆ ಕಾಲು ಜೋಮು ಹಿಡಿದು ಹೊಲಿಗೆ ಓರೆಯಾಗುತ್ತಿತ್ತು. ಗಿರಾಕಿಗಳು ಒಳ್ಳೆಯವರು, ಬಾಯಿಬಿಟ್ಟು ಏನೂ ಅನ್ನಲಿಲ್ಲ. ಸುಮ್ಮನೆ ಕುಂದಗೋಳಕ್ಕೆ ಹೋಗಿ ಹೊಲಿಸಿಕೊಳ್ಳತೊಡಗಿದರು.

ಸಲಹೆಗೇನೂ ಕೊರತೆ ಇರಲಿಲ್ಲ. ನಮ್ಮೂರಿನಲ್ಲಿ ಸೊಂಟ ಹಿಡಿದವನು ನಾನೊಬ್ಬ, ಔಷಧ ಬಲ್ಲವರು ಊರಿನ ತುಂಬ. ಎಕ್ಕೆ ಎಲೆ ಕಟ್ಟಿದೆ, ಔಡಲ ಎಣ್ಣೆ ಹಚ್ಚಿದೆ, ಬಿಸಿ ಇಟ್ಟಿಗೆಯಿಂದ ಕಾಯಿಸಿಕೊಂಡು ಚರ್ಮ ಸುಟ್ಟುಕೊಂಡೆ. ಬಾಜು ಅಂಗಡಿಯ ಬಳೆ ವ್ಯಾಪಾರಿ ಹಸನಸಾಬ ನನ್ನ ಬಾಲ್ಯದ ಗೆಳೆಯ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಹಿಡಿದದ್ದು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಹಸನಸಾಬ ಹಾಗೆ ಹುಟ್ಟಿದವನು. ಮೂರು ಭಾನುವಾರ, ಬರೀ ಹೊಟ್ಟೆಯಲ್ಲಿ, ಅವನ ಅಂಗಳದಲ್ಲಿ ಒದೆಸಿಕೊಳ್ಳಬೇಕೆಂದು ಓಣಿಯ ಹಿರಿಯರು ತೀರ್ಪು ಕೊಟ್ಟರು. ಮೊದಲ ವಾರ ಅವನು ನನಗೆ ಕೈಮುಗಿದು, ನಾಚಿಕೊಂಡು ಮೆಲ್ಲಗೆ ಒದ್ದ. ಎರಡನೆಯ ವಾರ ಮನಸ್ಸಿಟ್ಟು ಒದ್ದ. ಮೂರನೆಯ ವಾರ ನಾನೇ ಹೋಗಲಿಲ್ಲ.

ಕಡೆಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ. ರೈಲಿನಲ್ಲಿ ಜಾಗ ಖಾಲಿಯಿದ್ದರೂ ಕೂರಲಾಗದೆ ಬಾಗಿಲಿನ ಬಳಿ ಕಂಬಿ ಹಿಡಿದು ನಿಂತೇ ಹೋದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತುತ್ತಿದೆ ಎಂದು ಡಾಕ್ಟರು ಫೋಟೋ ತೆಗೆಸಿ ಹೇಳಿದರು. ಹಲಗೆಯ ಮೇಲೆ ಅಂಗಾತ ಮಲಗು ಅಂದರು, ಮಲಗಿದೆ. ಸೊಂಟಕ್ಕೆ ಪಟ್ಟಾ ಕಟ್ಟು ಅಂದರು, ಕಟ್ಟಿದೆ. ನುಂಗಿದ ಗುಳಿಗೆಗೆ ಲೆಕ್ಕವಿಲ್ಲ. ೧೯೭೪ರ ಮಳೆಗಾಲದ ಹೊತ್ತಿಗೆ ಬಲಗಾಲಿನ ಹೆಬ್ಬೆರಳು ಹೇಳಿದ ಮಾತು ಕೇಳುವುದನ್ನು ನಿಲ್ಲಿಸಿತು. ಇನ್ನು ತಡ ಮಾಡಿದರೆ ಕಾಲೇ ಸೋಲುತ್ತದೆ, ಆಪರೇಶನ್ ಆಗಬೇಕು ಎಂದು ಶ್ರಾವಣದ ಕಡೆಯ ಬುಧವಾರ ಬಂದು ಸೇರಿಕೊಳ್ಳಲು ಹೇಳಿದರು. ಆಮೇಲೆ ಮಿಷನ್ ತುಳಿಯಲು ಬರುತ್ತದೆಯೇ ಎಂದು ಕೇಳಿದೆ.

“ಅದನ್ನ ಈಗ ಹ್ಯಾಂಗ ಹೇಳೂದು,” ಅಂದರು.

ನನಗೆ ಬೇರೆ ಕೆಲಸ ಬರುವುದಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಪೆಡಲ್ ಮೇಲೆಯೇ ಕಾಲಿಟ್ಟವನು ನಾನು.

ದೇವರ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಯ ಕಲ್ಮೇಶ್ವರನಿಗೆ ನಾನು ಏನೂ ಕಡಿಮೆ ಮಾಡಿರಲಿಲ್ಲ. ಎರಡು ವರ್ಷ ಒಂದು ಸೋಮವಾರವೂ ತಪ್ಪದೆ ಉಪವಾಸ ಮಾಡಿದ್ದೆ. ಸೊಂಟ ಬಗ್ಗದಿದ್ದರಿಂದ ನಿಂತೇ ಕೈಮುಗಿದು ಬರುತ್ತಿದ್ದೆ. ಪ್ರತಿ ಸಲ ಅದೇ ಬೇಡಿಕೆ, ಪ್ರತಿ ಸಲ ಇನ್ನಷ್ಟು ನೋವು. ಬೇರೆ ಭಕ್ತರು ತಮಗಾದ ಕೃಪೆಯ ಕಥೆ ಹೇಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಇವರಿಗೆಲ್ಲ ಕೊಡುವವನು ನನ್ನ ಮನೆಯ ಮುಂದೆ ಬಂದಾಗ ಮಾತ್ರ ಕುರುಡನಾಗುತ್ತಾನೆಯೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇದನ್ನು ಮುಚ್ಚಿಟ್ಟು ಅನುಭವ ಬರೆದರೆ ಸುಳ್ಳಾಗುತ್ತದೆ.

ಆಸ್ಪತ್ರೆಗೆ ಹೋಗುವ ಮುಂಚಿನ ಸೋಮವಾರ ಬೆಳಿಗ್ಗೆ, ಗುಡಿಗೆ ಹೋಗಿ ಒಮ್ಮೆ ಸಾಷ್ಟಾಂಗ ನಮಸ್ಕಾರ ಮಾಡಿ ಬನ್ನಿ ಎಂದು ನನ್ನ ಹೆಂಡತಿ ಶಾಂತವ್ವ ಗಂಟುಬಿದ್ದಳು.

“ಬಗ್ಗಾಕ ಬರ್ತಿದ್ರ ಆಸ್ಪತ್ರಿಗೆ ಯಾಕ ಹೊಕ್ಕಿದ್ನೇ?” ಅಂದೆ.

“ಬಗ್ಗಬ್ಯಾಡ್ರಿ. ಬೀಳ್ರಿ,” ಅಂದಳು.

ನಮ್ಮ ಗುಡಿಯ ರೂಢಿಯೊಂದನ್ನು ಇಲ್ಲಿ ಹೇಳಬೇಕು. ಶ್ರಾವಣ ಸೋಮವಾರ ಯಾರಾದರೂ ದೇವರ ಮುಂದೆ ಉದ್ದಕ್ಕೆ ಬಿದ್ದು ಬೇಡಿಕೊಂಡರೆ, ಅವರು ತಾವಾಗಿ ಏಳುವವರೆಗೆ ಯಾರೂ ಮುಟ್ಟುವುದಿಲ್ಲ. ಅಲ್ಲಿಯವರೆಗೆ ಭಜನೆಯೂ ನಿಲ್ಲುವುದಿಲ್ಲ. ನಡುವೆ ಎಬ್ಬಿಸಿದರೆ ಬೇಡಿಕೆ ಅರ್ಧಕ್ಕೇ ನಿಂತುಬಿಡುತ್ತದೆ ಎಂದು ಹಿರಿಯರ ಮಾತು. ಸಾಮಾನ್ಯವಾಗಿ ಒಂದು ಭಜನೆ ಪದ ಮುಗಿಯುವುದರೊಳಗೆ ಎಲ್ಲರೂ ಏಳುತ್ತಾರೆ.

ಶಾಂತವ್ವನ ಜೊತೆ ಗುಡಿಗೆ ಹೋದಾಗ ಭಜನೆ ನಡೆದಿತ್ತು. ನಾನು ಕಂಬ ಹಿಡಿದು ಮೊಣಕಾಲೂರಲು ನೋಡಿದೆ. ಬಲಗಾಲು ಕೈಕೊಟ್ಟಿತು. ದೊಪ್ಪನೆ ಬೋರಲಾಗಿ ಬಿದ್ದೆ. ಬೆನ್ನು ಕೀಲಿ ಹಾಕಿದ ಹಾಗೆ ಹಿಡಿದುಕೊಂಡಿತು. ಏಳುವುದಿರಲಿ, ಮಗ್ಗುಲಾಗಲೂ ಆಗಲಿಲ್ಲ. ಎತ್ತಿರೆಂದು ಕೂಗಿದೆ. ತಾಳ, ತಬಲಾ, ಹಾರ್ಮೋನಿಯಂ, ಹದಿನೈದು ಗಂಡಸರ ದನಿ. ಅದರಲ್ಲಿ ನನ್ನದು ಯಾರಿಗೆ ಕೇಳಬೇಕು? ಪದ ಮುಗಿಯಲಿ ಎಂದು ಕಾದೆ. ನಾನು ಎದ್ದಿಲ್ಲವೆಂದು ಅವರು ಉಸಿರು ಬಿಡದೆ ಮುಂದಿನ ಪದ ಹಿಡಿದರು. ಅವರು ನಿಲ್ಲಿಸಿದರೆ ನಾನು ಕೂಗಬೇಕು, ನಾನು ಎದ್ದರೆ ಅವರು ನಿಲ್ಲಿಸಬೇಕು. ಯಾರೋ ನನ್ನ ಬೆನ್ನ ಮೇಲೆ ಬಿಲ್ವಪತ್ರಿ ಇಟ್ಟರು. ನನ್ನ ಕಣ್ಣೀರು ಕಂಡು ಹೆಂಗಸರು ಎಂಥ ಭಕ್ತಿ ಎಂದು ಲೊಚಗುಟ್ಟಿದ್ದು ಕಿವಿಗೆ ಬಿತ್ತು. ಮೈಯೆಲ್ಲ ಉರಿದುಹೋಯಿತು.

ಎರಡೂ ಮೊಣಕೈ ಊರಿ ಹೇಗೋ ಎದೆಯಷ್ಟನ್ನು ಮೇಲೆತ್ತಿದೆ. ಎದುರಿಗೆ ಲಿಂಗ. ಇನ್ನು ತಡೆಯಲಾಗಲಿಲ್ಲ. ಬೈದೆ. ಬರೆಯಬಾರದ ಮಾತುಗಳನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

“ಎರಡು ವರ್ಷ ನಿನ್ನ ಹೆಸರಿಲೆ ಉಪಾಸ ಬಿದ್ದೀನಿ. ಹಸನಸಾಬ ಒದ್ದರ ಒದ್ದ, ಡಾಕ್ಟರ ಸೂಜಿನರ ಚುಚ್ಚಿದ, ನೀ ಏನ್ ಮಾಡಿದಿ? ನನಗ ಅಂಜಿಕಿ ಆಗೇತಿ, ಗೊತ್ತೈತೇನ್ ನಿನಗ? ಈ ಒಂದು ಕಾಲು ಬಿಡು. ಉಳದದ್ದೆಲ್ಲಾ ತಗೊಂಡ್ ಹೋಗು.”

ಕೈ ಸೋತಾಗ ಮಲಗುತ್ತಿದ್ದೆ, ಸಿಟ್ಟು ಬಂದಾಗ ಮತ್ತೆ ಮೊಣಕೈ ಊರಿ ಎದೆ ಎತ್ತುತ್ತಿದ್ದೆ. ಹೀಗೆ ಎಷ್ಟು ಸಲವೋ. ಸಿಟ್ಟಿನ ಭರದಲ್ಲಿ ಒಂದು ಸಂಗತಿ ತಡವಾಗಿ ಗಮನಕ್ಕೆ ಬಂತು. ಹಿಮ್ಮಡಿಯಲ್ಲಿ ನೋವಿರಲಿಲ್ಲ. ಇನ್ನೊಂದು ಪದವಾಗುವುದರೊಳಗೆ ಮೀನಖಂಡದಲ್ಲೂ ಇರಲಿಲ್ಲ. ನೋವೆಲ್ಲ ತೊಡೆ ಹತ್ತಿ, ಸೊಂಟದ ನಡುವೆ ಒಂದು ಅಂಗೈಯಷ್ಟು ಜಾಗದಲ್ಲಿ ಬಂದು ನಿಂತಿತು. ಹೆಬ್ಬೆರಳನ್ನು ಅಲುಗಿಸಿ ನೋಡಿದೆ. ಅಲುಗಿತು. ನನಗೆ ಹೆದರಿಕೆಯಾಯಿತು. ಮಂಡಿಯೂರಿ, ಕಂಬ ಹಿಡಿದು ಎದ್ದು ನಿಂತೆ. ನೆಟ್ಟಗೆ ನಿಂತಿದ್ದೆ. ಭಜನೆ ನಿಂತಿತು. ಶಾಂತವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನು ಬಿದ್ದು ಒಂದು ತಾಸಿಗೂ ಹೆಚ್ಚಾಗಿತ್ತಂತೆ.

ಬುಧವಾರ ಆಸ್ಪತ್ರೆಗೆ ಹೋದೆ. ಸ್ಟೇಷನ್ನಿನಿಂದ ಟಾಂಗಾ ಹತ್ತದೆ ನಡೆದೇ ಹೋದೆ. ಡಾಕ್ಟರು ಕಾಲೆತ್ತಿ ನೋಡಿದರು, ಸೂಜಿಯಿಂದ ಚುಚ್ಚಿ ನೋಡಿದರು, ಏನು ಮಾಡಿದಿರಿ ಎಂದರು. ನಮಸ್ಕಾರ ಮಾಡಿದೆ ಎಂದೆ. ಅಲ್ಲೇ ಹಾಸಿಗೆಯ ಮೇಲೆ ಮಾಡಿ ತೋರಿಸಲು ಹೇಳಿದರು. ಹಾಗೆ ಬೋರಲಾಗಿ ಮಲಗಿ ಎದೆ ಎತ್ತಿದಾಗ ಕೆಲವರಿಗೆ ಮೆತ್ತೆ ನರವನ್ನು ಬಿಟ್ಟು ಸರಿಯುವುದುಂಟು, ಎಲ್ಲರಿಗೂ ಆಗುವುದಿಲ್ಲ, ನಿಮಗೆ ಆಗಿದೆ ಎಂದರು. ಆಪರೇಶನ್ ಸದ್ಯ ಬೇಡ, ದಿನಾಲು ಎರಡು ಹೊತ್ತು ಹೀಗೇ ಮಾಡಿ, ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಇದನ್ನು ಎರಡು ವರ್ಷದ ಹಿಂದೆ ಹೇಳಲು ನಿಮಗೇನಾಗಿತ್ತು ಎಂದು ಅವರ ಮೇಲೂ ಸಿಟ್ಟು ಬಂತು. ನುಂಗಿಕೊಂಡೆ. ಆ ವರ್ಷದ ದೀಪಾವಳಿಗೆ ಪೆಡಲ್ ತುಳಿದು ಹೊಲಿದೆ. ಮೊದಲ ಅಂಗಿ ಹಸನಸಾಬನಿಗೆ. ಗುಣವಾದದ್ದು ತನ್ನ ಎರಡನೆಯ ಒದೆತದಿಂದ, ಅದು ನಿಧಾನಕ್ಕೆ ಹತ್ತಿತು ಎಂದು ಅವನು ಈಗಲೂ ವಾದಿಸುತ್ತಾನೆ.

ಕಾಲು ಬಂತು, ಆದರೆ ಹೊಸ ಕಿರಿಕಿರಿ ಶುರುವಾಯಿತು. ಊರಿನವರಿಗೆ ನಾನು ಶರಣನಾಗಿಬಿಟ್ಟೆ. ತಾಸುಗಟ್ಟಲೆ ಶಿವನನ್ನೇ ದಿಟ್ಟಿಸಿದವನು ಎಂದು ಪರವೂರಿನವರೂ ಅಂಗಡಿಯ ಮುಂದೆ ನಿಂತು ಕೈಮುಗಿಯತೊಡಗಿದರು. ಒಬ್ಬ ಮುದುಕಿ ನನ್ನ ಕಾಲು ಮುಟ್ಟಲು ಬಂದ ದಿನ ತಡೆಯಲಾಗದೆ ಅರ್ಚಕರಾದ ಗುರಯ್ಯನವರ ಮನೆಗೆ ಹೋದೆ. ಅವರ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ.

“ನಾ ಭಕ್ತಿಲೆ ಬಿದ್ದಿದ್ದಿಲ್ರಿ. ಏಳಾಕ ಬರಲಿಲ್ಲ, ಅದಕ್ಕ ಬಿದ್ದಿದ್ದೆ. ಬಿದ್ದಲ್ಲೇ ಅವಗ ಬಾಯಿಗೆ ಬಂದಂಗ ಬೈದೀನ್ರಿ.”

“ಗೊತ್ತೈತೆಪಾ,” ಅಂದರು ಗುರಯ್ಯನವರು. “ಗರ್ಭಗುಡಿ ಬಾಗಲದಾಗ ನಿಂತಿದ್ದೆ. ಎಲ್ಲಾ ಕೇಳಿಸ್ತು.”

“ಮತ್ತ ಯಾಕ ಎತ್ತಲಿಲ್ರಿ?”

“ಎರಡು ವರ್ಷ ಬಂದು ಕೈಮುಗದು ಹೋಗ್ತಿದ್ದಿ. ಅವತ್ತ ಮೊದಲನೇ ಸಲ ಅವನ ಕೂಡ ಖರೇ ಮಾತಾಡಾಕ ಹತ್ತಿದ್ದಿ. ನಡುವ ನಾ ಹ್ಯಾಂಗ ಬರ್ಲಿ?”

ಅಲ್ಲೇ ಕೂತು ಅತ್ತೆ.

ಆ ದಿನ ಭಜನೆಯವರಲ್ಲಿ ಒಬ್ಬನಾದರೂ ನನ್ನ ಕೂಗು ಕೇಳಿ ಎತ್ತಿದ್ದರೆ, ನಾನು ವಾಲಿಕೊಂಡೇ ಮನೆಗೆ ಹೋಗಿ, ಬುಧವಾರ ಆಸ್ಪತ್ರೆಯ ಹಾಸಿಗೆ ಹಿಡಿಯುತ್ತಿದ್ದೆ. ಇದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೊಂಟ ನೋಯುವ ಭಕ್ತರು ದಯವಿಟ್ಟು ನನ್ನನ್ನು ನೋಡಿ ಗುಡಿಯಲ್ಲಿ ಬೀಳಬೇಡಿ, ಮೊದಲು ಡಾಕ್ಟರಿಗೆ ತೋರಿಸಿರಿ. ಬೇಡಿ ಬೇಡಿ ಬೇಸತ್ತವರಿಗೆ ಮಾತ್ರ ಇದನ್ನು ಬರೆದಿದ್ದೇನೆ. ಐದು ವರ್ಷವಾಯಿತು, ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಕಲ್ಮೇಶ್ವರನ ಮುಂದೆ ಬೋರಲಾಗಿ ಮಲಗಿ, ಮೊಣಕೈ ಊರಿ, ಮುಖವೆತ್ತಿ ಅವನನ್ನು ನೋಡುತ್ತೇನೆ. ಒಂದೊಂದು ದಿನ ಇಂದಿಗೂ ಬೈಯುತ್ತೇನೆ. ಕೇಳಿಸಿಕೊಳ್ಳುತ್ತಾನೆ.