ಅಕ್ಕನ ಮಂಚದ ಪಕ್ಕದ ಬಟನ್

ಅಕ್ಕನ ದನಿ ಹೋದ ಮೇಲೆ ಅವಳ ಮನೆಯ ದೀಪಗಳು ಅವಳ ಮಾತು ಕೇಳುವುದನ್ನು ನಿಲ್ಲಿಸಿದವು.

ಅವಳು ಸೊರಬದಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಮೊಣಕಾಲು ನೋವು ಹೆಚ್ಚಿ, ಮಂಚದಿಂದ ಎದ್ದು ಸ್ವಿಚ್ಚಿನವರೆಗೆ ಹೋಗುವುದೇ ಕಷ್ಟವಾದಾಗ, ಮಾತಿಗೆ ಹತ್ತಿ ಆರುವ ಬಲ್ಬುಗಳನ್ನು ತಾನೇ ಫೋನಿನಲ್ಲಿ ಹುಡುಕಿ ತರಿಸಿಕೊಂಡಳು. ಭಾವ ವರ್ಷಗಟ್ಟಲೆ ಹಿಟ್ಟಿನ ಗಿರಣಿ ನಡೆಸಿದವರು. ಆ ಸದ್ದಿಗೆ ಅವರ ಕಿವಿ ಹೆಚ್ಚುಕಮ್ಮಿ ಹೋಗಿತ್ತು. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ ತಲೆ ಗುಂಯ್ ಅನ್ನುತ್ತದೆಂದು ತೆಗೆದಿಡುತ್ತಿದ್ದರು. ಹಾಗಾಗಿ ಅಕ್ಕ ಮನೆಯಲ್ಲೂ ಶಾಲೆಯಲ್ಲಿದ್ದ ಹಾಗೆ ಗಟ್ಟಿಯಾಗಿಯೇ ಮಾತಾಡುವಳು. “ಈ ಮನೇಲಿ ನಾ ಒಂದ್ಸಲ ಹೇಳಿದ್ರೆ ಕೇಳೋದು ಈ ದೀಪ ಒಂದೇ ಕಣೆ” ಎಂದು ನಗುತ್ತಿದ್ದಳು.

ಆಮೇಲೆ ಗಂಟಲಲ್ಲಿ ಗಡ್ಡೆ ಕಾಣಿಸಿತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನ ಬುಡದಲ್ಲಿ ಒಂದು ತೂತು, ಅದಕ್ಕೊಂದು ಸಣ್ಣ ನಳಿಗೆ, ಉಸಿರಾಟವೆಲ್ಲ ಅಲ್ಲಿಂದಲೇ. ಕಫ ಒಣಗಿ ಕಟ್ಟಿಕೊಂಡರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಗ ತಕ್ಷಣ ನಳಿಗೆಯನ್ನು ತೆಗೆದು ತೊಳೆದು ಹಾಕಬೇಕು. ಭಾವ ಅದನ್ನು ನರ್ಸಿನಷ್ಟೇ ಚೊಕ್ಕವಾಗಿ ಕಲಿತರು. ತೊಂದರೆಯಿದ್ದದ್ದು ಬೇರೆ ಕಡೆ. ಅಕ್ಕನಿಗೆ ಕೂಗಲು ಆಗುತ್ತಿರಲಿಲ್ಲ, ಚಪ್ಪಾಳೆ ತಟ್ಟಿದರೂ ಭಾವನಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಅವರು ಜಗಲಿಯಲ್ಲಿದ್ದರೂ ಹಿತ್ತಲಲ್ಲಿದ್ದರೂ ಅರ್ಧ ಗಂಟೆಗೊಮ್ಮೆ ಬಂದು ಕೋಣೆಯೊಳಗೆ ಇಣುಕಿ ಹೋಗುವರು.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಗುಮಾಸ್ತೆ. ಭಾನುವಾರದ ಬಸ್ಸಿಗೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಸಂಜೆ ಹಿಂತಿರುಗುತ್ತಿದ್ದೆ. ಒಂದು ಭಾನುವಾರ ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: ದೀಪಕ್ಕೆ ಕೈಯಲ್ಲಿ ಒತ್ತುವಂಥದ್ದು ಏನಾದರೂ ಬೇಕು, ಫೋನ್ ಬೇಡ, ಕನ್ನಡಕ ಹುಡುಕುವಷ್ಟರಲ್ಲಿ ಸಾಕಾಗುತ್ತದೆ.

ಮೊದಲು ನಾನು ತಂದದ್ದು ನಾಲ್ಕು ಗುಂಡಿಯ ರಿಮೋಟು. ಒಂದು ಒತ್ತಿದರೆ ಬೆಳಕು ನೀಲಿ, ಇನ್ನೊಂದು ಒತ್ತಿದರೆ ಕೆಂಪು. ಎರಡು ದಿನ ಒದ್ದಾಡಿ ಅಕ್ಕ ಅದನ್ನು ಮಂಚದ ಕೆಳಗೆ ಎಸೆದಿದ್ದಳು. ನೋಟ್‌ಬುಕ್ಕಿನಲ್ಲಿ, ‘ಒಂದೇ ಗುಂಡಿ. ಒತ್ತಿದರೆ ಹತ್ತಬೇಕು, ಒತ್ತಿದರೆ ಆರಬೇಕು’ ಎಂದು ಶಾಲೆಯ ಹಲಗೆಯ ಮೇಲೆ ಬರೆದಂತೆ ದುಂಡಾಗಿ ಬರೆದಿಟ್ಟಿದ್ದಳು.

ಶಿಕಾರಿಪುರದ ಒಬ್ಬ ಎಲೆಕ್ಟ್ರಿಕ್ ಅಂಗಡಿಯವರು ನನಗಾಗಿ ಶಿವಮೊಗ್ಗದಿಂದ ಎರಡು ಬಗೆಯ ಬಟನ್ ತರಿಸಿದರು. ಒಂದು ನೇರವಾಗಿ ಬಲ್ಬಿನ ಜೊತೆಯೇ ಕೂಡಿಕೊಂಡದ್ದು, ಇಂಟರ್‌ನೆಟ್ ಬೇಕಿಲ್ಲ. ಆದರೆ ಒಂದು ಬಟನ್ನಿಗೆ ಒಂದೇ ದೀಪ. ಇನ್ನೊಂದು ಮನೆಯ ವೈಫೈ ಮೂಲಕ ಕೆಲಸ ಮಾಡುವುದು, ಒಂದರಿಂದಲೇ ಎರಡು ದೀಪ. ಸುಮ್ಮನೆ ಒತ್ತಿದರೆ ಮಂಚದ ಪಕ್ಕದ್ದು, ಒತ್ತಿ ಹಿಡಿದರೆ ಹಾಲಿನದ್ದು ಮಿಣುಕುವ ಹಾಗೆ ಮಾಡಬಹುದಿತ್ತು. ಹಾಲಿನ ದೀಪ ಮಿಣುಕಿದರೆ ಅಕ್ಕ ಕರೆಯುತ್ತಿದ್ದಾಳೆಂದು ಭಾವನಿಗೆ ತಿಳಿಯುತ್ತದೆ. ನನಗೆ ಖುಷಿಯಾಯಿತು.

“ಕರೆಂಟ್ ಹೋದ್ರೆ ವೈಫೈನೂ ಹೋಗ್ತೈತಿ ನೋಡ್ರಿ. ಪೇಶೆಂಟ್ ಅಂತೀರಿ, ನೇರದ್ದೇ ಎರಡು ತಗೊಳ್ರೀ” ಎಂದರು ಅಂಗಡಿಯವರು.

ಮನೆಯಲ್ಲಿ ಯುಪಿಎಸ್ ಇದೆ ಎಂದೆ. ಎರಡು ಬಟನ್ ಇಟ್ಟರೆ ಅವಳಿಗೆ ಗೊಂದಲವಾಗುತ್ತದೆ ಎಂದೂ ಹೇಳಿದೆ. ಯುಪಿಎಸ್ಸಿನಿಂದ ದೀಪಗಳಿಗೆ, ಫ್ಯಾನುಗಳಿಗೆ ಲೈನ್ ಎಳೆದಿದ್ದರು. ಟಿವಿಯ ಹಿಂದಿದ್ದ ವೈಫೈ ಡಬ್ಬಿಯ ಪ್ಲಗ್ಗಿಗೆ ಆ ಲೈನ್ ಇರಲಿಲ್ಲ. ಅದನ್ನು ನೋಡಬೇಕೆಂದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಹೊಳೆದಿತ್ತು. ಮುಂದಿನ ವಾರ ಎಲೆಕ್ಟ್ರಿಷಿಯನ್ ಕರೆಸಿದರಾಯಿತು ಅಂದುಕೊಂಡೆ. ಮುಂದಿನ ವಾರ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಆಮೇಲೆ ಮರೆತೆ.

ಬಟನ್ ಅಕ್ಕನಿಗೆ ಹಿಡಿಸಿತು. ದಿಂಬಿನ ಪಕ್ಕದ ಮರದ ಪಟ್ಟಿಗೆ ಅಂಟಿಸಿಕೊಟ್ಟೆ. ಮೊದಲ ದಿನ ಸುಮ್ಮಸುಮ್ಮನೆ ಒತ್ತಿ ಹಿಡಿದು ಭಾವನನ್ನು ನಾಲ್ಕು ಸಲ ಓಡಿಸಿದಳು. ಅವರೂ ನಗುತ್ತಲೇ ಓಡಿ ಬಂದರು. ಅವತ್ತಿನಿಂದ ಭಾವ ಅರ್ಧ ಗಂಟೆಗೊಮ್ಮೆ ಇಣುಕುವುದನ್ನು ಬಿಟ್ಟರು. ಹಾಲಿನಲ್ಲಿ ದೀಪ ಕಾಣುವ ಕಡೆಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ ಕೂರುವುದನ್ನು ರೂಢಿಸಿಕೊಂಡರು.

ಎರಡು ತಿಂಗಳು ಸರಿಯಾಗಿ ನಡೆಯಿತು. ನಡುವೆ ಕರೆಂಟ್ ಹೋದಾಗಲೆಲ್ಲ ಅವಳಿಗೆ ಕರೆಯುವ ಪ್ರಮೇಯ ಬಂದಿರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಗಾಳಿಗೆ ಮರ ಬಿದ್ದು ಅವರ ಬೀದಿಯ ಕರೆಂಟ್ ಹೋಯಿತು. ಆ ಹೊತ್ತಿಗೇ ಅಕ್ಕನ ನಳಿಗೆ ಕಟ್ಟಿಕೊಂಡಿತು. ಅವಳು ಬಟನ್ ಒತ್ತಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಯಾರೂ ಬರದಿದ್ದಾಗ ತಾನೇ ಎದ್ದು ಬಾಗಿಲ ಕಡೆ ಹೊರಟು, ಮೊಣಕಾಲು ನಿಲ್ಲದೆ ಬಿದ್ದಳು. ಭಾವ ನೀರು ಕುಡಿಯಲು ಎದ್ದವರು ಬಾಗಿಲಲ್ಲಿ ಅವಳ ಕೈ ಕಂಡು ಒಳಗೆ ಹೋದರು. ಮುಖವೆಲ್ಲ ನೀಲಿಗಟ್ಟಿತ್ತಂತೆ. ನಳಿಗೆ ತೊಳೆದು ಹಾಕಿ ಉಸಿರು ಉಳಿಸಿದರು. ಸೊಂಟದ ಮೂಳೆ ಮುರಿದಿತ್ತು.

ಪಕ್ಕದ ಮನೆಯವರು ಫೋನ್ ಮಾಡಿದಾಗ ನಾನು ಕಾಲೇಜಿನಲ್ಲಿದ್ದೆ. ಸೊರಬ ಮುಟ್ಟುವಷ್ಟರಲ್ಲಿ ಅವಳನ್ನು ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಸಾಗಿಸಲು ಸಿದ್ಧ ಮಾಡಿದ್ದರು. ಅವಳ ಬಟ್ಟೆ ತರಲು ಮನೆಯೊಳಗೆ ಹೋದೆ. ಕರೆಂಟ್ ಇನ್ನೂ ಬಂದಿರಲಿಲ್ಲ. ಯುಪಿಎಸ್ಸಿನ ಮೇಲೆ ಫ್ಯಾನ್ ತಿರುಗುತ್ತಿತ್ತು, ಟಿವಿಯ ಹಿಂದೆ ವೈಫೈ ಡಬ್ಬಿಯ ಹಸಿರು ಚುಕ್ಕೆಗಳೆಲ್ಲ ಆರಿದ್ದವು. ಏನಾಗಿದೆ ಎಂದು ನಿಂತಲ್ಲೇ ಅರ್ಥವಾಯಿತು. ಬಟ್ಟೆಯ ಚೀಲ ಹಿಡಿದು ಹೊರಗೆ ಬಂದೆ, ಯಾರಿಗೂ ಏನೂ ಹೇಳಲಿಲ್ಲ.

ಆಂಬುಲೆನ್ಸಿನಲ್ಲಿ ಭಾವ ನನ್ನ ಕಡೆ ತಿರುಗಿ, “ನಾ ಆ ದೀಪಾನೇ ನೋಡ್ತಾ ಕೂತಿದ್ದೆ ಮಾರಾಯ್ತಿ. ಎಲ್ಲೋ ಒಂದು ಗಳಿಗೆ ಕಣ್ಣು ಹತ್ತಿರ್ಬೇಕು” ಎಂದರು. ದಾರಿಯುದ್ದಕ್ಕೂ ಅದನ್ನೇ ಹೇಳಿದರು.

ಆಸ್ಪತ್ರೆಯಲ್ಲಿ ಅಕ್ಕ ನನಗೆ ಬರೆದು ತೋರಿಸಿದಳು: ‘ತುಂಬ ಸಲ ಒತ್ತಿದೆ. ಅವರು ಬರಲಿಲ್ಲ.’ ಆಗ ಹೇಳಬಹುದಿತ್ತು. ಆಪರೇಷನ್ ಆಗಲಿ ಎಂದುಕೊಂಡೆ. ಅದಾದ ಮೇಲೆ, ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡೆ. ಒಳಗೆ ಇದ್ದದ್ದು ಬರೀ ಹೆದರಿಕೆ. ಅಕ್ಕ ಭಾವನನ್ನು ಬೈಯಲಿಲ್ಲ, ಬೈಯಲು ದನಿಯೂ ಇರಲಿಲ್ಲ. ಅವರು ಗಂಜಿಯ ಚಮಚ ಹಿಡಿದು ಹತ್ತಿರ ಬಂದರೆ ಮುಖ ಆಚೆ ತಿರುಗಿಸಿ ನನಗೆ ಕೈಸನ್ನೆ ಮಾಡುವಳು. ನಾನು ಚಮಚ ತೆಗೆದುಕೊಳ್ಳುತ್ತಿದ್ದೆ, ಅವರು ಎದ್ದು ಕಾರಿಡಾರಿಗೆ ಹೋಗುತ್ತಿದ್ದರು. ಮನೆಗೆ ಬಂದ ಮೇಲೂ ಹಾಗೆಯೇ ಇತ್ತು. ಹಾಸಿಗೆಯಿಂದ ಅವಳು ಮತ್ತೆ ಏಳಲಿಲ್ಲ. ಬೆನ್ನು ಹುಣ್ಣಾಯಿತು, ಕಫ ಪುಪ್ಪುಸಕ್ಕೆ ಇಳಿಯಿತು. ಶ್ರಾವಣದಲ್ಲಿ ತೀರಿಕೊಂಡಳು.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಭಾವ ಹಾಲಿನಲ್ಲಿ ಕೂತು ಮತ್ತೆ ಅದನ್ನೇ ತೆಗೆದರು. ತಾನು ನಿದ್ದೆ ಮಾಡಿ ಹೆಂಡತಿಯನ್ನು ಕೊಂದೆ ಎಂದರು. ಇನ್ನು ತಡೆಯಲಾಗಲಿಲ್ಲ. ನೀವು ನಿದ್ದೆ ಮಾಡಿರಲಿಲ್ಲ, ದೀಪ ಹತ್ತಲೇ ಇಲ್ಲ ಎಂದೆ. ಅವರಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಬೇಕಾಯಿತು: ಅಂಗಡಿಯವರು ಹೇಳಿದ್ದನ್ನು, ಬಸ್ಸಿನಲ್ಲಿ ಹೊಳೆದದ್ದನ್ನು, ಅವತ್ತು ಆರಿದ ಚುಕ್ಕೆಗಳನ್ನು ಕಂಡದ್ದನ್ನು. ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದ ಪಕ್ಕದ ಮನೆಯವರ ಕೈ ನಿಂತದ್ದು ನನಗೆ ತಿಳಿಯಿತು.

ಭಾವ ತಲೆಯೆತ್ತಿ ಹಾಲಿನ ದೀಪದ ಕಡೆ ನೋಡಿದರು.

“ಹಂಗಾರೆ ನಾ ನಿದ್ದೆ ಮಾಡಿರ್ಲಿಲ್ಲ” ಎಂದರು.

ಇಲ್ಲ ಎಂದು ತಲೆಯಾಡಿಸಿದೆ.

“ನೀ ತಪ್ಪು ಬಟನ್ ತಂದಿದ್ದಕ್ಕೆ ನಂಗೇನಿಲ್ಲ. ಯಾರಾದ್ರೂ ತರ್ತಿದ್ರು. ಆದ್ರೆ ಅವ್ಳು ಇದ್ದಾಗ ಇದನ್ನ ಒಂದು ಮಾತು ಹೇಳ್ಬಹುದಿತ್ತು. ನನ್ನ ಕೈಯಿಂದ ಒಂದು ತುತ್ತು ತಿನ್ನದೇ ಹೋದ್ಲಲ್ಲ.”

ಅವರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಊಟ ಮಾಡಿಕೊಂಡು ಹೋಗು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದರು. ತಾವೇ ಬಡಿಸಿದರು. ಬಡಿಸಿದ್ದನ್ನೆಲ್ಲ ತಿಂದೆ.

ಈಗಲೂ ತಿಂಗಳಿಗೊಮ್ಮೆ ಸೊರಬಕ್ಕೆ ಹೋಗುತ್ತೇನೆ. ಭಾವ ಬಾಗಿಲು ತೆರೆದು, ಬಾ ಎನ್ನುತ್ತಾರೆ, ಚಹಾ ಮಾಡಿಕೊಡುತ್ತಾರೆ. ಮಳೆಯ ವಿಷಯ, ಅವರ ಬಿಪಿ ಮಾತ್ರೆಯ ವಿಷಯ ಮಾತಾಡುತ್ತೇವೆ. ಅಕ್ಕನ ವಿಷಯ ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.